ತಬಲಾ ಬಲ್ಲವರಿಗೆ ಸಿನಿಮಾ ಸಂಗೀತದ ಎಡಿಟಿಂಗ್

ವಿಜಯಪುರ, ಬಾಗಲಕೋಟೆ ಕಡೆಯ ತಬಲಾ, ಹಾರ್ಮೋನಿಯಂ ಕಲಾವಿದರಿಗೆ ಮ್ಯೂಸಿಕ್ ಎಡಿಟಿಂಗ್‌ನ ಅರ್ಧ ಕೆಲಸ ಆಗಲೇ ಗೊತ್ತಿರುತ್ತದೆ: ಸಮ್, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿ ಬೀಳುತ್ತದೆ ಎಂಬುದು. ಉಳಿದದ್ದು ಲೆಕ್ಕ.

ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆಯುವ ಸೆಷನ್‌ನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಬಾರಿ ಅಳೆಯುತ್ತದೆ ಎಂಬುದು) 48 ಕಿಲೋಹರ್ಟ್ಸ್, ಆಳ 24 ಬಿಟ್ ಇರಲಿ. 44.1 ಕಿಲೋಹರ್ಟ್ಸ್‌ನ ಹಾಡನ್ನು ಪರಿವರ್ತಿಸದೆ 48ರಲ್ಲಿ ಓಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. 3 ನಿಮಿಷದ್ದು 2 ನಿಮಿಷ 45 ಸೆಕೆಂಡಿಗೇ ಮುಗಿಯುತ್ತದೆ. ಫ್ರೇಮ್ ರೇಟನ್ನು (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದನ್ನು) ಚಿತ್ರದ ಎಡಿಟರ್‌ರಿಂದ ಬರಹದಲ್ಲೇ ಪಡೆಯಿರಿ. ಸಿನಿಮಾಕ್ಕೆ ಸಾಮಾನ್ಯವಾಗಿ 24, ನಮ್ಮ ಟಿವಿಗೆ 25.

ದೃಶ್ಯಕ್ಕಿಂತ ಸಂಗೀತ ಉದ್ದವಾಯಿತೇ? ವೇಗ ಹೆಚ್ಚಿಸಬೇಡಿ, ಪೂರ್ತಿ ಆವರ್ತನವನ್ನೇ (ತಾಳದ ಒಂದು ಸುತ್ತನ್ನೇ) ತೆಗೆಯಿರಿ. ನಿಮಿಷಕ್ಕೆ 120 ಮಾತ್ರೆಯ ತೀನ್‌ತಾಲದಲ್ಲಿ 16 ಮಾತ್ರೆ ಎಂದರೆ 8 ಸೆಕೆಂಡು. ಕತ್ತರಿ ಸಮ್‌ಗಿಂತ 5ರಿಂದ 10 ಮಿಲಿಸೆಕೆಂಡು ಮೊದಲು ಬೀಳಲಿ, ಕ್ರಾಸ್‌ಫೇಡ್ (ಒಂದು ತುಂಡು ಇಳಿಯುತ್ತ ಇನ್ನೊಂದು ಏರುವ ಬೆಸುಗೆ) ಸಮ್‌ಗೆ ಮುಂಚೆಯೇ ಮುಗಿಯಲಿ. ಪೆಟ್ಟಿನ ಮೇಲೆಯೇ ಫೇಡ್ ಬಂದರೆ ಡಗ್ಗಾ (ತಬಲಾ ಜೋಡಿಯ ಎಡಗೈ ವಾದ್ಯ) ಮೊಂಡಾಗುತ್ತದೆ, ಇಲ್ಲವೇ ಜೋಡಿ ಪೆಟ್ಟು ಕೇಳುತ್ತದೆ. ತಂಬೂರಿ ಬೇರೆ ಟ್ರ್ಯಾಕಿನಲ್ಲಿದ್ದರೆ ನಿಮ್ಮ ಪುಣ್ಯ: ಅದನ್ನು ನಡುವೆ ತುಂಡರಿಸದೆ ಹರಿಯಲು ಬಿಡಿ, ಕೊನೆಯಲ್ಲಷ್ಟೇ ಫೇಡ್ ಮಾಡಿ. ಬೆಸುಗೆ ಅದರಡಿ ಮುಚ್ಚಿಹೋಗುತ್ತದೆ.

ಕರಡಿ ಮಜಲಿನಂಥ ಜಾನಪದ ಮೇಳದ, ಕ್ಲಿಕ್ (ಲಯ ತಪ್ಪದಂತೆ ಕಿವಿಗೆ ಕೇಳಿಸುವ ಟಕ್ ಟಕ್ ಸದ್ದು) ಇಲ್ಲದೆ ನುಡಿಸಿದ ರೆಕಾರ್ಡಿಂಗ್ ತಂಟೆಯದು. ಲಯ ಏರುತ್ತ ಹೋಗುವುದುಂಟು; ಮೊದಲ ತುಂಡನ್ನು ಕೊನೆಗೆ ಅಂಟಿಸಿದರೆ ಮೇಳವೇ ಎಡವಿದಂತಾಗುತ್ತದೆ. ಸಾಫ್ಟ್‌ವೇರ್ ತೋರಿಸುವ ಮಾತ್ರೆಗಳ ಗ್ರಿಡ್ ನಂಬದೆ ಪ್ರತಿ ಆವರ್ತನಕ್ಕೂ ಕೈಯಾರೆ ಮಾರ್ಕರ್ ಹಾಕಿ, ಅಕ್ಕಪಕ್ಕದ ಆವರ್ತನಗಳನ್ನೇ ಜೋಡಿಸಿ.

ಚಿತ್ರದಲ್ಲಿ ಬಳಸಿದ ಸಂಗೀತದ ಪಟ್ಟಿಯಾದ ಕ್ಯೂ ಶೀಟಿನಲ್ಲಿ ಹೆಸರು, ಸಂಯೋಜಕರು, ಟೈಮ್‌ಕೋಡ್ (ಚಿತ್ರದಲ್ಲಿ ಅದು ಬರುವ ಗಂಟೆ, ನಿಮಿಷ, ಸೆಕೆಂಡು, ಫ್ರೇಮ್), ಅವಧಿ ಬರೆಯಿರಿ. ಬೆಳಗಾವಿಯಿಂದ ಬೆಂಗಳೂರಿನ ಮಿಕ್ಸಿಂಗ್‌ಗೆ ಫೈಲ್ ಕಳಿಸುವಾಗ ಚಿತ್ರ ಶುರುವಾಗುವ 2 ಸೆಕೆಂಡು ಮೊದಲು ಒಂದು ಫ್ರೇಮಿನ ಬೀಪ್ ಇಡಿ. ಫೈಲ್ ಜಾರಿದರೂ ಅಲ್ಲಿನವರು ಅದನ್ನು ನೋಡಿ ಕೂಡಿಸಿಕೊಳ್ಳುತ್ತಾರೆ.