ಆಪರೇಷನ್‌ಗೆ ಮುಂಚೆ ಇಸಿಜಿಯಲ್ಲಿ ಏನೋ ಬಂತು, ಈಗೇನು ಮಾಡುವುದು?

ಹರ್ನಿಯಾಕ್ಕೋ ಪಿತ್ತಕೋಶದ ಕಲ್ಲಿಗೋ ಆಪರೇಷನ್ ದಿನ ಗೊತ್ತಾಗಿರುತ್ತದೆ. ಅಷ್ಟರಲ್ಲಿ ಇಸಿಜಿ ನೋಡಿ ‘ಹಾರ್ಟ್ ಫಿಟ್‌ನೆಸ್ ತನ್ನಿ’ ಎನ್ನುತ್ತಾರೆ, ಅಂದರೆ ಹೃದಯ ಆಪರೇಷನ್ ತಾಳಬಲ್ಲದು ಎಂದು ಹೃದಯದ ಡಾಕ್ಟರು ಕೊಡುವ ಚೀಟಿ. ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯವರು ಕೂಡಲೇ ಮಂಗಳೂರು ಬಸ್ಸು ಹತ್ತುತ್ತಾರೆ. ಹತ್ತಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಆ ಹಾಳೆಯನ್ನು ಸ್ವಲ್ಪ ನೋಡಿ.

ಮೇಲ್ಗಡೆ ಇಂಗ್ಲಿಷಿನಲ್ಲಿ ಒಂದೆರಡು ಸಾಲು ಅಚ್ಚಾಗಿರುತ್ತದೆ ಅಲ್ವಾ, ಅದನ್ನು ಬರೆದದ್ದು ಡಾಕ್ಟರಲ್ಲ, ಮಿಷನ್. ‘ಸೆಪ್ಟಲ್ ಇನ್‌ಫಾರ್ಕ್ಟ್’ ಎಂದಿದ್ದರೆ ಯಾವಾಗಲೋ ಹಾರ್ಟ್ ಅಟ್ಯಾಕ್ ಆಗಿರಬಹುದು ಎಂಬುದು ಅದರ ಊಹೆ. ಎದೆಗೆ ಅಂಟಿಸುವ ಲೀಡ್ ಸ್ವಲ್ಪ ಮೇಲೆ ಕೂತರೂ ಇದೇ ಸಾಲು ಬರಬಹುದು. ಎಡಗೈ ಬಲಗೈ ವಯರು ಅದಲುಬದಲಾದರಂತೂ ಒಂದು ಲೀಡಿನ ಗೆರೆಯೇ ತಲೆಕೆಳಗಾಗುತ್ತದೆ. ಅನುಮಾನ ಇದ್ದರೆ ‘ಇನ್ನೊಮ್ಮೆ ತೆಗೆಯಬಹುದಾ’ ಎಂದು ಕೇಳಿ, ಸಂಕೋಚ ಬೇಡ.

ಆಮೇಲೆ ಮನೆಯ ಕಪಾಟು ಹುಡುಕಿ. ಹಳೆಯ ಇಸಿಜಿ ಸಿಕ್ಕಿದರೆ ಅದಕ್ಕಿಂತ ಬೆಲೆಬಾಳುವ ಕಾಗದ ಬೇರೆ ಇಲ್ಲ. ‘ಆರ್‌ಬಿಬಿಬಿ’ (ಹೃದಯದ ಬಲಬದಿಗೆ ವಿದ್ಯುತ್ ಸಂಕೇತ ಹೋಗುವ ದಾರಿಯಲ್ಲಿ ತಡೆ) ಆರೋಗ್ಯವಾಗಿರುವವರಲ್ಲೂ ಕಾಣುತ್ತದೆ, ವರ್ಷಗಳ ಹಿಂದೆಯೂ ಇತ್ತೆಂದರೆ ಸಾಮಾನ್ಯವಾಗಿ ತಲೆಬಿಸಿ ಬೇಡ. ‘ಎಲ್‌ಬಿಬಿಬಿ’ (ಎಡಬದಿಯ ದಾರಿಯಲ್ಲಿ ಅಂಥದೇ ತಡೆ) ಹೊಸದಾಗಿ ಕಂಡರೆ ಮಾತ್ರ ಹೃದಯದ ಡಾಕ್ಟರು ನೋಡಲೇಬೇಕು.

ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರೆ ಇ.ಎಫ್., ಅಂದರೆ ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ, ಎಂದು ನೋಡಿ. 55ರ ಮೇಲಿದ್ದರೆ ಪಂಪಿಂಗ್ ಚೆನ್ನಾಗಿದೆ, 40ಕ್ಕಿಂತ ಕೆಳಗೆ ಹೋದರೆ ಪಂಪಿಂಗ್ ಸಾಕಷ್ಟು ಕುಗ್ಗಿದೆ ಎಂದು ಲೆಕ್ಕ. ನೂರು ಬರಲಿಲ್ಲ ಎಂದು ಬೇಜಾರು ಮಾಡುವವರಿದ್ದಾರೆ, ಅದು ಪರೀಕ್ಷೆಯ ಮಾರ್ಕಲ್ಲ ಮಾರಾಯರೇ! ‘ಗ್ರೇಡ್ 1 ಡಯಾಸ್ಟೋಲಿಕ್ ಡಿಸ್‌ಫಂಕ್ಷನ್’ (ರಕ್ತ ತುಂಬಿಕೊಳ್ಳುವಾಗ ಹೃದಯ ಸಡಿಲಾಗುವುದು ಸ್ವಲ್ಪ ನಿಧಾನ) ಎನ್ನುವುದು ವಯಸ್ಸಾದವರ ರಿಪೋರ್ಟಿನಲ್ಲಿ ತುಂಬ ಸಾಮಾನ್ಯ.

ಡಾಕ್ಟರು ನಿಮ್ಮಿಂದ ತಿಳಿಯಬೇಕಾದದ್ದು ಬೇರೆಯೇ ಇದೆ. ಎರಡು ಮಾಳಿಗೆ ಮೆಟ್ಟಿಲು ನಿಲ್ಲದೆ ಹತ್ತುತ್ತೀರಾ? ನಮ್ಮ ಲೆಕ್ಕದಲ್ಲಿ, ಅಡಿಕೆ ತೋಟದಿಂದ ಗುಡ್ಡೆ ಹತ್ತಿ ಮನೆಗೆ ಬರುವಾಗ ನಡುವೆ ಕೂರಬೇಕಾಗುತ್ತದಾ? ಏದುಸಿರು, ಎದೆ ಹಿಡಿದ ಹಾಗಾಗುವುದು, ತಲೆ ತಿರುಗಿ ಬಿದ್ದದ್ದು, ಯಾವುದಿದ್ದರೂ ಹೇಳಿ. ಆಪರೇಷನ್ ತಪ್ಪಿಹೋಗುತ್ತದೆಂದು ಮುಚ್ಚಿಡಬೇಡಿ.

ಫಿಟ್‌ನೆಸ್ ಚೀಟಿಯಲ್ಲಿ ಸುಮ್ನೆ ‘ಫಿಟ್’ ಎಂದಿದ್ದರೆ ಸಾಲದು. ಅಪಾಯ ಎಷ್ಟು, ಯಾವ ಮಾತ್ರೆ ಮುಂದುವರಿಸಬೇಕು, ಯಾವುದನ್ನು ಯಾವಾಗ ನಿಲ್ಲಿಸಬೇಕು ಎಂದು ಬರೆಸಿಕೊಂಡು ಅರಿವಳಿಕೆ ಡಾಕ್ಟರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿ ವರ್ಷ ಆಗಿಲ್ಲವೆಂದರೆ ಮೊದಲೇ ಹೇಳಿ, ಅವಸರವಿಲ್ಲದ ಆಪರೇಷನ್ ಆದರೆ ಮುಂದಕ್ಕೆ ಹಾಕಬಹುದು. ಕಣ್ಣಿನ ಪೊರೆ ತೆಗೆಯುವುದಕ್ಕಾದರೆ ಹೃದಯಕ್ಕೆ ಹೊರೆ ತೀರಾ ಕಡಿಮೆ, ಇಷ್ಟೆಲ್ಲ ಓಡಾಟ ನಿಜಕ್ಕೂ ಬೇಕಾ ಎಂದು ಕೇಳಿಯೇ ಹೊರಡಿ.

ಈ ನಡುವೆ ಎದೆ ನೋವು ಬಂದು ಬೆವರಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಮಂಗಳೂರೇ ಆಗಬೇಕೆಂದೂ ಇಲ್ಲ, ಹತ್ತಿರದ ಆಸ್ಪತ್ರೆಯ ಕ್ಯಾಜುವಲ್ಟಿಗೆ ಆಗಲೇ ಹೋಗಿ.