ಕೊಡಗಿಂದ ಯಾಣಕ್ಕೆ: ನನ್ನ ಅನುಭವ

ರೋಬಸ್ಟಾ ಕಾಫಿ ಕೊಯ್ಲು ಮುಗಿಸಿ, ಗಿಡ ಹೂ ಬಿಡೋಕೆ ಬೇಕಾದ ಹೂಮಳೆ ಕಾಯೋ ಟೈಮಲ್ಲಿ ನಮ್ಮಂಥ ತೋಟದವರಿಗೆ ಸ್ವಲ್ಪ ಬಿಡುವು ಸಿಗತ್ತಲ್ಲ, ಆಗ ನಾನು, ಮನೆಯವರು, ಅಕ್ಕನ ಮಗ ಸೇರಿ ಉತ್ತರ ಕನ್ನಡದ ಯಾಣಕ್ಕೆ ಹೋಗಿ ಬಂದ್ವಿ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರು, ಅಲ್ಲಿಂದ ಹೈವೇಲಿ ಕುಮಟಾ. ರಾತ್ರಿ ಕುಮಟಾದಲ್ಲೇ ಉಳ್ಕೊಂಡು ಬೆಳಿಗ್ಗೆ ಬೇಗ ಹೊರಟ್ವಿ, ನೀವೂ ಹಾಗೇ ಮಾಡಿ.

ಗಾಡಿ ನಿಲ್ಸಿ ಕಾಡೊಳಗೆ ನಡೀಬೇಕು, ಕೊನೇಲಿ ಮೆಟ್ಟಿಲು. ಮರಗಳ ಮಧ್ಯೆ ಇದ್ದಕ್ಕಿದ್ದ ಹಾಗೆ ಕಪ್ಪು ಬಂಡೆ ಎದ್ದು ನಿಲ್ಲತ್ತೆ, ಭೈರವೇಶ್ವರ ಶಿಖರ 120 ಮೀಟರ್, ಪಕ್ಕದ ಮೋಹಿನಿ ಶಿಖರ 90 ಮೀಟರ್. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ, ಅದಕ್ಕೇ ಇಲ್ಲಿ ಕಲ್ಲು ಮಣ್ಣು ಎಲ್ಲಾ ಕಪ್ಪು ಅಂತ ಅಲ್ಲಿನ ಕಥೆ.

ನಂಗೆ ಜಾಸ್ತಿ ಹಿಡಿಸಿದ್ದು ಆ ಕಲ್ಲಿನ ಅಂಚು. ನಮ್ಮ ಕೋಟೆಬೆಟ್ಟ, ತಡಿಯಂಡಮೋಳ್ ಕಡೆ ಕಲ್ಲು ನೋಡಿ, ಎಷ್ಟು ಮಳೆ ಹೊಡೆದ್ರೂ ಉರುಟಾಗಿ ನುಣ್ಣಗಾಗತ್ತೆ ಅಷ್ಟೇ. ಯಾಣದ್ದು ಸುಣ್ಣದಕಲ್ಲು. ಮಳೆನೀರು ಗಾಳಿಯಿಂದ, ಕಾಡಿನ ಮಣ್ಣಿಂದ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ಸ್ವಲ್ಪ ಹುಳಿಯಾಗತ್ತೆ, ಆ ಹುಳಿನೀರು ಬಿರುಕಲ್ಲಿ ಇಳಿದು ಸುಣ್ಣ ಕರಗಿಸ್ತಾ ಹೋಗಿ, ಉಳಿದಿದ್ದು ಗರಗಸದ ಹಲ್ಲಿನ ಥರ ಚೂಪಾಗಿ ನಿಂತಿದೆ. ತೋಟದ ಮಣ್ಣಿನ ಹುಳಿ ತೆಗಿಯೋಕೆ ಸುಣ್ಣ ಹಾಕ್ತೀವಲ್ಲ, ಆಮೇಲೆ ಮಳೆ ಅದನ್ನೂ ತೊಳೆದು ಮತ್ತೆ ಹುಳಿ ಮಾಡತ್ತಲ್ಲ, ಅದೇ ಕೆಲಸ ಇಲ್ಲಿ ಬೆಟ್ಟಕ್ಕೇ ಆಗಿದೆ. ಇಷ್ಟು ವರ್ಷ ಸುಣ್ಣದ ಮೂಟೆ ಹೊತ್ತವನಿಗೆ ಇದು ಕಣ್ಣಾರೆ ಕಂಡಾಗ ಆದ ಖುಷಿ ಹೇಳೋಕಾಗಲ್ಲ! ಹೊರಡೋ ಮುಂಚೆ ಮನೇಲಿ ಮೊಟ್ಟೆ ಸಿಪ್ಪೆ ಮೇಲೆ ಕಾಚಂಪುಳಿ (ನಮ್ಮ ಕೊಡಗಿನ ಅಡುಗೆಯ ಹುಳಿರಸ) ಬಿಟ್ಟು ಹುಡುಗನಿಗೆ ಗುಳ್ಳೆ ತೋರಿಸಿದ್ದೆ, ಬಂಡೆ ನೋಡಿದ ಕೂಡ್ಲೇ ಅವನೇ ಅದನ್ನ ನೆನಪು ಮಾಡ್ದ. ಆದ್ರೆ ಅಲ್ಲಿನ ಬಂಡೆ ಮೇಲೆ ಯಾವ ಹುಳೀನೂ ಹಾಕ್ಬೇಡಿ, ಮನೇಲಿ ಸಿಪ್ಪೆ ಸಾಕು.

ಗುಹೆಯೊಳಗೆ ಸ್ವಯಂಭೂ ಲಿಂಗ, ಮೇಲಿಂದ ನೀರು ತೊಟ್ಟಿಕ್ತಾನೇ ಇರತ್ತೆ. ಬಂಡೆ ಸೀಳಿನ ಮಧ್ಯ ನಡೆಯುವಾಗ ಅವಸರ ಮಾಡ್ಬೇಡಿ, ತಲೆ ಎತ್ತಿ ನೋಡ್ತಾ ಹೋಗಿ, ಗೋಡೆ ಹಿಡಿಯುವಾಗ ಮಾತ್ರ ಕೈ ಜೋಪಾನ. ಮೇಲೆ ಹೆಜ್ಜೇನು ಗೂಡು ತೂಗ್ತಿರತ್ತೆ, ಕೂಗಾಡೋದು, ಹೊಗೆ ಹಾಕೋದು ಬೇಡ್ವೇ ಬೇಡ.

ಶಿವರಾತ್ರಿ ಟೈಮಲ್ಲಿ ಜಾತ್ರೆ, ಸಿಕ್ಕಾಪಟ್ಟೆ ಜನ. ಕಲ್ಲು ನೋಡ್ಬೇಕು ಅನ್ನೋರು ಅದು ಬಿಟ್ಟು ಬೇರೆ ದಿನ ಹೋಗಿ. ಮಳೆಗಾಲದಲ್ಲಿ ಮೆಟ್ಟಿಲು ಜಾರತ್ತೆ, ಜಿಗಣೆ ನಮ್ಮೂರಿನಷ್ಟೇ. ಟೈಮ್ ಇದ್ರೆ ಹತ್ರದಲ್ಲೇ ವಿಭೂತಿ ಫಾಲ್ಸ್ ಇದೆ, ಅದನ್ನೂ ನೋಡ್ಕೊಂಡು ಬನ್ನಿ.