ರಾಯಚೂರು ಗಂಜ್‌ನಲ್ಲಿ ನನ್ನ ರೋಬೋಟ್

ನಾನು ರಾಯಚೂರಿನ ಗಂಜ್‌ನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ರಾತ್ರಿ ಊಟವಾದ ಮೇಲೆ ವೈಜ್ಞಾನಿಕ ಕಥೆ ಬರೆಯುತ್ತೇನೆ. ಮೊದಲ ಮೂರು ಕಥೆಗಳು ಅಮೆರಿಕದಲ್ಲಿ ನಡೆದವು. ಮೂರೂ ಪತ್ರಿಕೆಯಿಂದ ಮರಳಿ ಬಂದವು. ಬಂದದ್ದು ನ್ಯಾಯವೇ ಆಗಿತ್ತು. ಕಣ್ಣಾರೆ ಕಾಣದ ಊರು, ಒಂದು ದಿನವೂ ಜೊತೆಗಿರದ ಜನ. ಕಥೆಯಲ್ಲಿ ಜೀವ ಎಲ್ಲಿಂದ ಬರಬೇಕು?

ದಾರಿ ತೋರಿಸಿದವರು ಇಂಗ್ಲೆಂಡಿನ ಕಥೆಗಾರ ಎಚ್.ಜಿ. ವೆಲ್ಸ್. 1898ರಲ್ಲಿ ಪುಸ್ತಕವಾಗಿ ಬಂದ 'ದಿ ವಾರ್ ಆಫ್ ದಿ ವರ್ಲ್ಡ್ಸ್'ನಲ್ಲಿ ಮಂಗಳದ ಜೀವಿಗಳು ಇಳಿಯುವುದು ಲಂಡನ್ನಿನ ಆಚೆ, ವೋಕಿಂಗ್ ಪಕ್ಕದ ಬಯಲಿಗೆ. ವೆಲ್ಸ್ ಅದೇ ವೋಕಿಂಗ್‌ನಲ್ಲಿ ಮನೆ ಮಾಡಿದ್ದರು. ಸೈಕಲ್ ಮೇಲೆ ಸುತ್ತಾಡಿ, ಎಲ್ಲೆಲ್ಲಿ ಏನೇನು ಹಾಳಾಗಬೇಕು ಎಂದು ಗುರುತು ಹಾಕಿಕೊಂಡರು. ಇದನ್ನು ಓದಿದ ಭಾನುವಾರವೇ ನಾನು ಬೈಕ್ ಹತ್ತಿ ಶಕ್ತಿನಗರದವರೆಗೆ ಹೋಗಿ ಬಂದೆ. ಶಾಖೋತ್ಪನ್ನ ಸ್ಥಾವರದ ಚಿಮಣಿ, ಕೃಷ್ಣೆಯ ಸೇತುವೆ, ಎಲ್ಲವೂ ನೋಟ್‌ಬುಕ್ ಸೇರಿದವು. ಸೋಮವಾರ ಅಂಗಡಿಗೆ ಬಂದು ಕೂತರೆ, ಕಥೆ ನನ್ನ ಗಲ್ಲಾದ ಎದುರೇ ಭತ್ತದ ಚೀಲ ಹೊರುತ್ತಿತ್ತು.

ಚೀಲಕ್ಕೆ 75 ಕೆ.ಜಿ. ಹಮಾಲರು ಕೊಂಡಿಯನ್ನು ಗೋಣಿಗೆ ಚುಚ್ಚಿ, ಒಂದೇ ಎಳೆತಕ್ಕೆ ಬೆನ್ನಿಗೆ ತಂದುಕೊಳ್ಳುತ್ತಾರೆ. ಆ ಕ್ಷಣ ಮೊಣಕಾಲು ಸಣ್ಣಗೆ ನಡುಗುತ್ತದೆ. ಹತ್ತು ವರ್ಷ ನೋಡಿದ್ದರೂ ಅದು ನನ್ನ ಕಣ್ಣಿಗೆ ಬಿದ್ದದ್ದು ಅಂದೇ.

'ರೋಬೋಟ್' ಎಂಬ ಮಾತು ಲೋಕಕ್ಕೆ ಬಂದದ್ದು ಜೆಕ್ ಲೇಖಕ ಕಾರೆಲ್ ಚಾಪೆಕ್‌ರ 1920ರ ನಾಟಕ 'ಆರ್.ಯು.ಆರ್.'ನಿಂದ. ಪದ ಸೂಚಿಸಿದವರು ಅವರ ಅಣ್ಣ ಯೋಸೆಫ್. ಜೆಕ್ ಭಾಷೆಯ 'ರೊಬೊಟಾ' ಎಂದರೆ ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಮಾಡುವ ದುಡಿಮೆ. ನಮ್ಮ ಕಡೆ ಅದಕ್ಕೆ ಬಿಟ್ಟಿ ಚಾಕರಿ ಎನ್ನುತ್ತೇವೆ. ಇಷ್ಟು ತಿಳಿದ ಮೇಲೆ ರೋಬೋಟ್ ನನಗೆ ಪರದೇಶದ್ದು ಅನ್ನಿಸಲೇ ಇಲ್ಲ.

ನನ್ನ ಕಥೆಯ ರೋಬೋಟ್‌ಗೆ ಬಿಸಿಲೇ ಆಹಾರ ಎಂದು ಬರೆದದ್ದು ಬಂಗಾಳದ ಲೇಖಕಿ ಬೇಗಂ ರೊಕೆಯಾ ಅವರಿಂದ ಕಲಿತು. 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾದ 'ಸುಲ್ತಾನಾಸ್ ಡ್ರೀಮ್'ನಲ್ಲಿ ಹೆಂಗಸರೇ ನಾಡು ಆಳುತ್ತಾರೆ, ಸೂರ್ಯನ ಶಾಖದಲ್ಲಿ ಅಡುಗೆ ಮಾಡುತ್ತಾರೆ. ಈ ಹೆಸರನ್ನು ನಾವು ಇನ್ನೂ ಹೆಚ್ಚು ಹೇಳಬೇಕು.

ಇನ್ನು ಅಮೆರಿಕದ ವೈಜ್ಞಾನಿಕ ಕಥೆಗಾರ ಐಸಾಕ್ ಅಸಿಮೋವ್. ರೋಬೋಟ್‌ಗಳಿಗೆ ಅವರು ಹಾಕಿದ ಮೂರು ನಿಯಮಗಳು ಪೂರ್ತಿಯಾಗಿ ಕಾಣಿಸಿಕೊಂಡದ್ದು 1942ರ 'ರನ್‌ಅರೌಂಡ್' ಕಥೆಯಲ್ಲಿ. ರೋಬೋಟ್ ಮನುಷ್ಯನಿಗೆ ಕೇಡು ಮಾಡಬಾರದು, ಕೇಡಾಗುವಾಗ ಸುಮ್ಮನಿರಲೂಬಾರದು. ಹೇಳಿದ್ದನ್ನು ಕೇಳಬೇಕು. ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಆ ಕಥೆಯಲ್ಲಿ ಬುಧ ಗ್ರಹದ ಮೇಲಿನ ರೋಬೋಟ್ ಎರಡನೆಯ, ಮೂರನೆಯ ನಿಯಮಗಳ ನಡುವೆ ಸಿಕ್ಕಿ ಸುತ್ತು ಹಾಕುತ್ತಲೇ ಇರುತ್ತದೆ. ಕಥೆ ಹುಟ್ಟುವುದು ಆ ಇಕ್ಕಟ್ಟಿನಲ್ಲಿ. ಅಸಿಮೋವ್ ಕೊಟ್ಟ ದೊಡ್ಡ ಕೊಡುಗೆ ಇದೇ ಎಂದು ನನ್ನ ನಂಬಿಕೆ.

ನನ್ನ ರೋಬೋಟ್ ಮೊದಲ ನಿಯಮದಂತೆ, ಮೊಣಕಾಲು ನಡುಗುವ ಹಮಾಲನ ಬೆನ್ನಿನಿಂದ ಚೀಲ ಕಸಿದುಕೊಳ್ಳುತ್ತದೆ. ಊರು ಮೆಚ್ಚುತ್ತದೆ, ಕಥೆ ಮುಗಿಯುತ್ತದೆ. ಹಾಗೆಂದುಕೊಂಡು ಮಧ್ಯಾಹ್ನದ ಚಹಾ ಹೊತ್ತಿಗೆ ನಮ್ಮ ಹಿರಿಯ ಹಮಾಲ ಕಾಕಾನಿಗೆ ಓದಿ ಹೇಳಿದೆ. ಲೋಟ ಕೆಳಗಿಟ್ಟು ಕೇಳಿದರು:

"ಅಲ್ಲೋ ತಮ್ಮಾ, ಬೆನ್ನು ಉಳೀತು, ಖರೇ. ಸಂಜೀಗಿ ನನ್ನ ಹಮಾಲಿ ರೊಕ್ಕ ಯಾರು ಕೊಡ್ತಾರ? ಹೊಟ್ಟಿಗಿಲ್ದಂಗ ಆದ್ರ ಅದು ಕೇಡಲ್ಲೇನು?"

ಆ ರಾತ್ರಿ ಕೊನೆಯ ನಾಲ್ಕು ಪುಟ ಹರಿದು ಹಾಕಿದೆ. ಈಗಿನ ಕಥೆಯಲ್ಲಿ ಚೀಲ ಕಸಿದುಕೊಂಡ ರೋಬೋಟ್‌ಗೆ ಹಮಾಲ ಇದೇ ಪ್ರಶ್ನೆ ಕೇಳುತ್ತಾನೆ. ಹೊತ್ತರೂ ಕೇಡು, ಇಳಿಸಿದರೂ ಕೇಡು. ಅದು ಚೀಲ ಹೆಗಲ ಮೇಲಿಟ್ಟುಕೊಂಡು ತೂಕದ ಕಟ್ಟೆಯ ಪಕ್ಕ ನಿಂತುಬಿಡುತ್ತದೆ, ಹೊತ್ತು ಮುಳುಗಿ ಮೈಯಲ್ಲಿನ ಬಿಸಿಲು ತೀರುವವರೆಗೆ.